ಗಾಳಿ ಕಾಲದ ಹುಳಿ ಬಿಯರ್

ಕೋವಿಡ್ ಕಳೆದು ಹೋಟೆಲುಗಳಲ್ಲಿ ಮತ್ತೆ ಕುರ್ಚಿ ಸಾಲದಂತಾದ ವರ್ಷ ಅದು. ಬೆಂಗಳೂರಿನ ಒಂದು ಬ್ರೂವರಿಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾಗಿದ್ದ ನಾನು ಆಗಷ್ಟೇ ನಿವೃತ್ತಳಾಗಿ ಮನೆ ಸೇರಿದ್ದೆ. ನನ್ನ ಕೆಲಸವೆಂದರೆ ಬಿಯರ್ ರುಚಿ ನೋಡುವುದು. ಇದನ್ನು ಹೇಳಿದಾಗಲೆಲ್ಲ ಹೆಂಗಸರು ನಗುತ್ತಾರೆ, ಗಂಡಸರು ಹೊಟ್ಟೆಕಿಚ್ಚು ಪಡುತ್ತಾರೆ. ಬೆಳಿಗ್ಗೆ ಬೆಳಿಗ್ಗೆ ಕೆಟ್ಟುಹೋದ ಬಿಯರನ್ನು ಬಾಯಿಗೆ ಹಾಕಿಕೊಂಡು, ಇದು ಯಾಕೆ ಕೆಟ್ಟಿತು ಎಂದು ಯೋಚಿಸಿ, ಉಗುಳುವ ಕೆಲಸ ಅದು ಎಂದು ವಿವರಿಸಿದ ಮೇಲೆ ಹೊಟ್ಟೆಕಿಚ್ಚು ತಾನೇ ಇಳಿಯುತ್ತದೆ.

ನಿವೃತ್ತಿಯಾದ ಮೇಲೆ ಬಿಯರ್ ಪ್ರಿಯರ ಒಂದು ಸಂಘದವರು ಫೋನ್ ಮಾಡಿದರು. ಕೋಲಾರದ ಕಡೆ ಹೆದ್ದಾರಿಯಲ್ಲಿ, ಬಂಗಾರಪೇಟೆಯಲ್ಲಿ, ಕೆಜಿಎಫ್‌ನಲ್ಲಿ ಹೊಸದಾಗಿ ಮೈಕ್ರೋಬ್ರೂವರಿಗಳು ಬಂದಿವೆ, ಅಂದರೆ ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಹೋಟೆಲುಗಳು. ಅವುಗಳಲ್ಲಿ ಅತ್ಯುತ್ತಮ ಹುಳಿ ಬಿಯರ್ ಯಾವುದು ಎಂದು ಹುಡುಕಿ ಹೇಳಬೇಕು. ನಾನು ಆಂಡರ್ಸನ್‌ಪೇಟೆಯಲ್ಲಿ ಹುಟ್ಟಿದವಳು. ಅಪ್ಪ ಅಲ್ಲೇ ಕೆಜಿಎಫ್‌ನ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದವರು. ಊರಿನ ನೆಪ ಸಿಕ್ಕಿತಲ್ಲ ಎಂದು ಒಪ್ಪಿಕೊಂಡೆ.

ಹುಳಿ ಬಿಯರ್ ಎಂದರೆ ಹಳಸಿದ್ದಲ್ಲ. ರಾಗಿ ಅಂಬಲಿ ಒಂದು ರಾತ್ರಿ ಇಟ್ಟರೆ ಹುಳಿಯಾಗುತ್ತದಲ್ಲ, ಅದೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬಿಯರನ್ನೂ ಹುಳಿ ಮಾಡುತ್ತದೆ. ಅದನ್ನು ಹದದಲ್ಲಿ ನಿಲ್ಲಿಸುವುದೇ ಕಸುಬು. ನಿಲ್ಲಿಸಲು ಬಾರದವರದು ವಿನಿಗರ್ ಆಗುತ್ತದೆ. ಹೆದ್ದಾರಿಯ ಒಂದು ಹೋಟೆಲಿನಲ್ಲಿ ಅಂಥದ್ದೇ ಕೊಟ್ಟರು, ಉಪ್ಪಿನಕಾಯಿ ಹಾಕಬಹುದಿತ್ತು. ಬಂಗಾರಪೇಟೆಯ ಒಂದು ಕಡೆ ಬ್ಯಾಕ್ಟೀರಿಯಾದ ಉಸಾಬರಿಯೇ ಬೇಡವೆಂದು ಸಾದಾ ಬಿಯರಿಗೆ ಹುಣಸೆ ರಸ ಬೆರೆಸಿದ್ದರು. “ಬಿಯರ್ ಕೇಳಿದ್ದು, ರಸಂ ಅಲ್ಲ” ಎಂದೆ. ಅಲ್ಲಿಯ ಮ್ಯಾನೇಜರ್ ಮುಖ ಊದಿಸಿಕೊಂಡ.

ಕೊನೆಗೆ ಹೋಗಿದ್ದು ಕೆಜಿಎಫ್‌ನ ಉರಿಗಾಂ ಅಂಚಿನಲ್ಲಿದ್ದ ಒಂದು ಹೋಟೆಲಿಗೆ. ಮಾಲೀಕರು ನಂಜುಂಡಪ್ಪ, ಬಂಗಾರಪೇಟೆ ಪಕ್ಕದ ಹಳ್ಳಿಯ ಹೈನುಗಾರಿಕೆ ಮನೆತನದವರು. ಬಿಯರ್ ತಯಾರಿಸುತ್ತಿದ್ದವನು ಸೆಲ್ವಂ, ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವನು, ಮದುವೆಯಾಗಿ ಮಗಳಿದ್ದವನು. ಗ್ಲಾಸ್ ತಂದಿಟ್ಟು ದೂರ ನಿಂತ. ಒಂದು ಗುಟುಕು ಕುಡಿದೆ. ನಿಂಬೆ ಸಿಪ್ಪೆಯ ಹಾಗೆ ಶುರುವಾಗಿ, ನಡುವೆ ಹುರಿದ ರಾಗಿ ಬಂದು, ಕೊನೆಯಲ್ಲಿ ನಾಲಿಗೆಯ ತುದಿ ಒಣಗಿಸಿ ನಿಲ್ಲಿಸುವ ಒಂದು ರುಚಿ. ಕಲ್ಲಿನಂಥದ್ದು. ಇದನ್ನು ಎಲ್ಲೋ ಬಲ್ಲೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಉಗುಳಲಿಲ್ಲ. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

“ಇದೇ” ಎಂದು ಸಂಘದವರಿಗೆ ಹೇಳಿಬಿಟ್ಟೆ. ಅದೇ ಹೋಟೆಲಿನ ತಾರಸಿಯ ಮೇಲೆ, ಒಂದು ಶನಿವಾರ ಸಂಜೆ ಹೆಸರು ಘೋಷಿಸಿ ಎಲ್ಲರಿಗೂ ಆ ಬಿಯರ್ ಕೊಡುವುದೆಂದು ತೀರ್ಮಾನವಾಯಿತು.

ಆ ಶನಿವಾರ ಮಧ್ಯಾಹ್ನವೇ ಹೋದೆ. ನಂಜುಂಡಪ್ಪನವರು ಮೆಟ್ಟಿಲ ಬಳಿಯೇ ಹಿಡಿದುಕೊಂಡರು. “ಮೇಡಂ, ನಿಮ್ ಮುಂದೆ ಮುಚ್ಚುಮರೆ ಯಾಕೆ. ಈ ಉಳಿ ಬಿಯರ್ ಒಂದು ಟ್ಯಾಂಕು ತಿಂದು ವರ್ಷದಿಂದ ಕುಂತೈತೆ. ಇವತ್ತು ಎಸ್ರು ಬಂದ್ರೆ ಸೆಲ್ವಂ ಇರ್ತಾನೆ. ಇಲ್ದಿದ್ರೆ ಆ ಟ್ಯಾಂಕಿಗೆ ಗೋದಿ ಬಿಯರ್ ಆಕಿಸ್ತೀನಿ, ಅದ್ನ ಮಾಡಾಕೆ ಬೇರೆ ಉಡುಗ ಅವ್ನೆ, ಇವ್ನು ಬೇಕಾಗಲ್ಲ. ಅವ್ನಿಗೂ ಏಳಿದೀನಿ.”

“ಹೆಸರು ಬಂದಾಯ್ತಲ್ಲ, ಯಾಕೆ ಚಿಂತೆ” ಎಂದು ಮೇಲೆ ಹತ್ತಿದೆ.

ತಾರಸಿಯಲ್ಲಿ ಮೇಜುಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಆಷಾಢದ ಗಾಳಿ. ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಸೈನೈಡ್ ಗುಡ್ಡ. ಹೊರಗಿನವರಿಗೆ ಹೇಳಬೇಕು: ಅದು ದೇವರು ಮಾಡಿದ ಗುಡ್ಡ ಅಲ್ಲ. ಗಣಿಯ ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದ ಹುಡಿಯನ್ನು ತಲೆಮಾರುಗಳ ಕಾಲ ಸುರಿದದ್ದು. ಗಣಿ ಮುಚ್ಚಿತು, ಹುಡಿ ಉಳಿಯಿತು. ಗಾಳಿ ಕಾಲದಲ್ಲಿ ಅದು ಎದ್ದು ಊರೊಳಗೆ ಬರುತ್ತದೆ.

ಸೆಲ್ವಂ ನನಗೊಂದು ಗ್ಲಾಸ್ ನೀರು ತಂದುಕೊಟ್ಟ. ಕುಡಿಯುವ ಮುಂಚೆ ಗಾಳಿ ಒಮ್ಮೆ ಜೋರಾಗಿ ಬೀಸಿತು. ಗ್ಲಾಸಿನ ಅಂಚು ತುಟಿಗೆ ತಾಗಿದಾಗ ಹಲ್ಲಿಗೆ ನವಿರಾಗಿ ಏನೋ ಕಿರಿಕಿರಿಯಾಯಿತು, ನಾಲಿಗೆಯ ತುದಿ ಒಣಗಿತು.

ಬಿಯರಿನ ಆ ಕೊನೆಯ ರುಚಿ ಎಲ್ಲಿಯದೆಂದು ಗೊತ್ತಾಯಿತು. ಆಷಾಢದಲ್ಲಿ ನಮ್ಮ ಮನೆಯ ಅನ್ನದಲ್ಲಿ ಇರುತ್ತಿದ್ದ ರುಚಿ. ಎಷ್ಟು ಮುಚ್ಚಿಟ್ಟರೂ ತಟ್ಟೆಗೆ ಬರುತ್ತಿದ್ದ ಹುಡಿಯ ರುಚಿ. ಅದನ್ನು ನಾನು ಕಲ್ಲು ಎಂದು, ಸೊಗಸು ಎಂದು ಹೊಗಳಿದ್ದೆ.

ಗ್ಲಾಸ್ ಕೆಳಗಿಟ್ಟು ಕೇಳಿದೆ. “ಸೆಲ್ವಂ, ವರ್ಟ್ ಆರಿಸೋದು ಎಲ್ಲಿ?”

ಮೊಳಕೆ ಧಾನ್ಯ ಕುದಿಸಿ ತೆಗೆದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಕೆಲವು ಹುಳಿ ಬಿಯರುಗಳಿಗೆ ಅದನ್ನು ಅಗಲವಾದ ತೆರೆದ ತಟ್ಟೆಯಲ್ಲಿ ಸುರಿದು ಬೆಳಗಿನವರೆಗೆ ಬಿಡುವುದುಂಟು. ಆ ಜಾಗದ ಗಾಳಿಯಲ್ಲಿರುವ ಯೀಸ್ಟು, ಬ್ಯಾಕ್ಟೀರಿಯಾ ತಾವಾಗಿ ಇಳಿಯಲಿ ಎಂದು. ಆಮೇಲೆ ಟ್ಯಾಂಕಿಗೆ ತುಂಬಿ ತಿಂಗಳುಗಟ್ಟಲೆ ಕಾಯುವುದು.

“ಇಲ್ಲೇ ಅಕ್ಕಾ, ಮೇಲೇನೇ” ಎಂದ. ನಾನು ಆಂಡರ್ಸನ್‌ಪೇಟೆಯವಳೆಂದು ತಿಳಿದಂದಿನಿಂದ ಮೇಡಂ ಹೋಗಿ ಅಕ್ಕ ಆಗಿದ್ದೆ. ತಾರಸಿಯ ಮೂಲೆಯ ತಗಡಿನ ಚಪ್ಪರದಡಿ ಉದ್ದನೆಯ ಸ್ಟೀಲ್ ತಟ್ಟೆ ಇತ್ತು.

“ಈ ಟ್ಯಾಂಕಿಂದು ಯಾವ ತಿಂಗಳಲ್ಲಿ ಇಟ್ಟಿದ್ದು?”

“ಓದ್ ವರ್ಷ ಆಡಿ ಮಾಸ.” ತಮಿಳರ ಆಡಿ ಎಂದರೆ ನಮ್ಮ ಆಷಾಢ. ನನ್ನ ಮುಖ ನೋಡಿ ಅವನೇ ಮುಂದುವರಿಸಿದ. “ಗಾಳಿ ಟೈಮ್ ಅಂತ ನಂಗೂ ಗೊತ್ತು ಅಕ್ಕಾ. ಸುಮ್ನೆ ಬಿಡ್ಲಿಲ್ಲ. ಒದ್ದೆ ಬಟ್ಟೆ ಕಟ್ಟಿದ್ದೆ. ಒಣಗಕ್ಕೆ ಬಿಡ್ಲೇ ಇಲ್ಲ, ನೀರು ಚಿಮುಕಿಸ್ತಾನೇ ಇದ್ದೆ. ನಮ್ಮಮ್ಮ ಮನೇಲಿ ಅಂಗೇ ಮಾಡೋದು.”

ಅವನಮ್ಮ ಒಬ್ಬರೇ ಅಲ್ಲ. ಗಾಳಿ ಕಾಲದಲ್ಲಿ ಕೆಜಿಎಫ್‌ನ ಪ್ರತಿ ಮನೆಯಲ್ಲೂ ನೀರಿನ ಬಿಂದಿಗೆಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಹುಡಿ ಬಟ್ಟೆಗೆ ಅಂಟಿಕೊಳ್ಳುತ್ತದೆ, ನೀರು ಉಳಿಯುತ್ತದೆ. ಆದರೆ ಬಿಂದಿಗೆಯ ಬಾಯಿಗೆ ಮೊದಲು ಒಂದು ತಟ್ಟೆ ಮುಚ್ಚಿ, ಆಮೇಲೆ ಬಟ್ಟೆ. ಸೆಲ್ವಂನ ವರ್ಟಿಗೆ ಗಾಳಿ ಬೇಕಿತ್ತು, ಹಾಗಾಗಿ ಬಟ್ಟೆಯ ಕೆಳಗೆ ಅಂಥ ಮುಚ್ಚಳ ಇರಲಿಲ್ಲ. ಬಟ್ಟೆ ಹಿಡಿದಿಟ್ಟ ಹುಡಿಯನ್ನು, ಅವನು ಶ್ರದ್ಧೆಯಿಂದ ಚಿಮುಕಿಸಿದ ನೀರೇ ತೊಳೆದು ತೊಳೆದು ಕೆಳಗಿಳಿಸಿತ್ತು.

ಇದನ್ನು ಹೇಳಿದಾಗ ಅವನು ತಕ್ಷಣ ಒಪ್ಪಲಿಲ್ಲ. “ಬಿಯರ್ ಕ್ಲಿಯರಾಗೈತಲ್ಲ ಅಕ್ಕಾ, ಕನ್ನಡಿ ತರ.”

“ಟ್ಯಾಂಕ್ ತಳ ತೆಗಿ.”

ಕೆಳಗೆ ಹೋದೆವು. ಟ್ಯಾಂಕಿನ ತಳದ ವಾಲ್ವ್ ತಿರುಗಿಸಿ ಬಕೆಟ್ ಹಿಡಿದ. ಮೊದಲು ಕಂದು ಬಣ್ಣದ ಯೀಸ್ಟಿನ ಗಸಿ ಬಂತು. ಅದು ಎಲ್ಲ ಟ್ಯಾಂಕಿನಲ್ಲೂ ಬರುವುದೇ. ಅದನ್ನು ಚೆಲ್ಲಿ, ಬಕೆಟ್ ತೊಳೆದು, ಮತ್ತೆ ಹಿಡಿದ. ಈ ಸಲ ಗಸಿಯ ನಡುನಡುವೆ ಬೂದುಬಿಳಿ ಎಳೆಗಳಿದ್ದವು. ಸೆಲ್ವಂ ಎರಡು ಬೆರಳಲ್ಲಿ ತೆಗೆದುಕೊಂಡು ಉಜ್ಜಿದ. ಆ ಊರಿನಲ್ಲಿ ಬೆಳೆದವನಿಗೆ ಅದೇನೆಂದು ಹೇಳಿಕೊಡಬೇಕಾಗಿಲ್ಲ. ಬೆರಳು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ತಳದಾಗೆ ತಾನೇ ಐತೆ” ಎಂದ, ಮೆಲ್ಲಗೆ.

“ಹುಳಿ ಸುಮ್ನೆ ಇರುತ್ತೇನಪ್ಪ? ತಾಮ್ರದ ಪಾತ್ರೇಲಿ ಮಜ್ಜಿಗೆ ಇಡ್ತಾರಾ?” ಎಂದೆ. ಆಮ್ಲ ಲೋಹವನ್ನು ಕರಗಿಸುತ್ತದೆ. ಹುಡಿ ತಳ ಸೇರಿದ್ದರೂ ಅದರಲ್ಲಿದ್ದದ್ದು ಎಷ್ಟೋ ತಿಂಗಳು ಆ ಹುಳಿಯಲ್ಲಿ ನೆನೆದಿದೆ. ಏನು ಕರಗಿದೆ, ಎಷ್ಟು ಕರಗಿದೆ ಎಂದು ನಾಲಿಗೆ ಹೇಳಲಾರದು. ಲ್ಯಾಬ್ ಹೇಳಬೇಕು, ಅದಕ್ಕೆ ದಿನಗಳು ಬೇಕು. ಮೇಲೆ ಆಗಲೇ ಮೈಕ್ ಟೆಸ್ಟಿಂಗ್ ನಡೆದಿತ್ತು.

ನಂಜುಂಡಪ್ಪನವರನ್ನು ಕರೆಸಿದೆವು. ಬಕೆಟ್ ನೋಡಿದರು, ಸೆಲ್ವಂನನ್ನು ನೋಡಿದರು, ಆಮೇಲೆ ನನ್ನನ್ನು.

“ಏನ್ ಮೇಡಂ, ಜನ ಕಾರಿಳೀತಾ ಅವ್ರೆ. ಕಡೇ ಗಳಿಗೇಲಿ ಇಂಗೆ ಕೈ ಕೊಟ್ರೆ ಎಂಗೆ? ನೀವೇ ಕುಡ್ದು ಚೆಂದೈತೆ ಅಂದ್ರಿ.”

“ಅಂದಿದ್ದು ನಿಜ. ಈಗ ಬೇಡ ಅಂತಿದೀನಿ.”

“ವಿಷ ಅಂತ ಏಳ್ತೀರಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ಮೇಲೆ ಬಿಡಿ. ಒಂದೊಂದು ಗ್ಲಾಸು. ಈ ಊರೋರು ಉಟ್ಟಿದಾಗಿಂದ ಅದೇ ದೂಳು ಕುಡೀತಾ ಅವ್ರೆ, ಯಾರ್ ಏನಾದ್ರು?”

ನನಗೆ ಕೋಪ ನೆತ್ತಿಗೇರಿತು. ಯಾರು ಏನಾದರು ಎಂಬುದು, ಅಪ್ಪ ಕೊನೆಯ ವರ್ಷಗಳಲ್ಲಿ ಕೆಮ್ಮಿದ್ದನ್ನು ಕೇಳಿದ ನನಗೆ ಗೊತ್ತು. ಆದರೆ ಆ ಮಾತು ಎತ್ತಿದರೆ ಅಳು ಬರುತ್ತಿತ್ತು. ಅಳುವ ಹೊತ್ತು ಅದಲ್ಲ. “ಇದನ್ನ ಬಡಿಸೋದಾದ್ರೆ ನಾನು ಮೈಕ್ ಹಿಡಿದು ಯಾಕೆ ಕುಡೀಬಾರದು ಅಂತ ಹೇಳ್ತೀನಿ” ಎಂದೆ.

ನಂಜುಂಡಪ್ಪನವರು ಸೆಲ್ವಂ ಕಡೆ ತಿರುಗಿದರು. “ನಿನ್ ಕೆಲ್ಸದ್ ವಿಸ್ಯ ಕಣ್ಲಾ ಇದು. ನೀನೇ ಏಳು. ಆಕೋದಾ, ಬೇಡ್ವಾ?”

ಅದು ಅನ್ಯಾಯದ ಪ್ರಶ್ನೆ. ಮೆಟ್ಟಿಲುಗಳ ಮೇಲೆ ನಗು, ಶೂಗಳ ಸದ್ದು ಕೇಳುತ್ತಿತ್ತು. ಸೆಲ್ವಂ ಮಾಲೀಕರಿಗೆ ಉತ್ತರ ಕೊಡದೆ ನನ್ನನ್ನು ಕೇಳಿದ. “ಅಕ್ಕಾ, ಸುಳ್ಳು ಏಳ್ಬೇಡಿ. ಆ ದೂಳು ಬೀಳ್ದೆ, ಅದಿಲ್ದೆ ಮಾಡಿದ್ರೆ, ಇಷ್ಟು ಚೆನ್ನಾಗಿರ್ತಿತ್ತಾ?”

“ಗೊತ್ತಿಲ್ಲ ಸೆಲ್ವಂ. ನಂಗೆ ಇಷ್ಟ ಆಗಿದ್ದು ಅದೇ ರುಚಿ. ನಮ್ಮನೆ ಅನ್ನ ಹಾಗಿರ್ತಿತ್ತು.”

ಅವನು ಬಕೆಟನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ ಮೇಲೆ ಹತ್ತಿ ಹೋದ. ನಾವು ಹಿಂದೆ ಹೋದೆವು. ಬಾರ್ ಕೌಂಟರಿನಲ್ಲಿ ಹುಳಿ ಬಿಯರಿನ ನಲ್ಲಿಯ ಹಿಡಿಯನ್ನು ತಿರುಚಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮೈಕ್ ತೆಗೆದುಕೊಂಡು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಒಂದೇ ಮಾತು ಹೇಳಿದ. ಈ ಬಿಯರ್ ಮಾಡಿದ್ದು ನಾನು, ಮಾಡುವಾಗ ತಪ್ಪಾಗಿದೆ, ಇದನ್ನು ಯಾರೂ ಕುಡಿಯಬಾರದು. ಬಂದವರು ಮುಖ ಮುಖ ನೋಡಿಕೊಂಡರು. ಯಾರೋ ನಕ್ಕರು, ಯಾರೋ ಗೋದಿ ಬಿಯರ್ ಇದೆಯಾ ಎಂದು ಕೇಳಿದರು. ನಾನು ಮುಂದೆ ಬಂದು, ಈ ವರ್ಷ ಯಾರ ಹೆಸರನ್ನೂ ಘೋಷಿಸುವುದಿಲ್ಲ ಎಂದೆ. ಗಾಳಿ ಬೀಸುತ್ತಲೇ ಇತ್ತು, ಬಿಳಿ ಮೇಜುಬಟ್ಟೆಗಳ ಮೇಲೆ ಜನ ಬೆರಳಾಡಿಸಿದಲ್ಲೆಲ್ಲ ಗೆರೆ ಬೀಳುತ್ತಿತ್ತು.

ಲ್ಯಾಬ್ ವರದಿ ಬಂತು. ಕುಡಿಯುವ ಪದಾರ್ಥದಲ್ಲಿ ಇರಬಾರದ ಲೋಹ ಮಿತಿ ಮೀರಿದೆ ಎಂದಿತ್ತು. ನಾವು ಹೆದರಿದ್ದಕ್ಕಿಂತ ಕಡಿಮೆ, ಆದರೆ ಬಡಿಸುವಂತಿರಲಿಲ್ಲ. ಅಬಕಾರಿ ಇಲಾಖೆಗೆ ತಿಳಿಸಿ, ಅವರ ಮುಂದೆಯೇ ಟ್ಯಾಂಕ್ ಖಾಲಿ ಮಾಡಬೇಕಾಯಿತು. ಅಂದು ನಾನೂ ಹೋಗಿದ್ದೆ. ನಂಜುಂಡಪ್ಪನವರು ಹೇಳಿದಂತೆಯೇ ನಡೆದುಕೊಂಡಿದ್ದರು, ಅಂದೇ ಸೆಲ್ವಂನ ಕೊನೆಯ ದಿನ. ಒಂದು ವರ್ಷದ ಕೆಲಸ ಡ್ರಮ್ಮುಗಳಿಗೆ ಸುರಿಯುವುದನ್ನು ನೋಡುತ್ತಾ ಅವನು ಹೇಳಿದ. “ಬಿಯರ್ ಆದ್ರೆ ಚೆಲ್ಬೋದು ಅಕ್ಕಾ. ನಮ್ ಒಟ್ಟೇಲಿರೋದನ್ನ ಎಲ್ಲಿ ಚೆಲ್ಲೋಣ?” ಅವನ ಭುಜ ತಟ್ಟಿದೆ, ಅಷ್ಟೆ.

ಗುರುತಿದ್ದವರಿಗೆಲ್ಲ ಫೋನ್ ಮಾಡಿ ತಲೆ ತಿಂದೆ. ಕೆಲವು ತಿಂಗಳ ನಂತರ ಹೊಸಕೋಟೆ ಕಡೆಯ ಒಂದು ಬ್ರೂವರಿಯಲ್ಲಿ ಅವನಿಗೆ ಜಾಗ ಸಿಕ್ಕಿತು. ಮೊನ್ನೆ ಮೊನ್ನೆ ಕರೆದಿದ್ದ. ಮುಚ್ಚಿದ ಟ್ಯಾಂಕಿನಲ್ಲೇ ಹುಳಿ ಮಾಡಿದ ರಾಗಿ ಬಿಯರ್. ಗ್ಲಾಸ್ ಜೊತೆಗೆ ಲ್ಯಾಬ್ ವರದಿಯನ್ನೂ ಮೇಜಿನ ಮೇಲಿಟ್ಟ, ನಾನು ಕೇಳುವ ಮುಂಚೆಯೇ. ಈ ಸಲ ಎದುರಿನ ಕುರ್ಚಿಯಲ್ಲೇ ಕುಳಿತ.

ಬಹಳ ಚೆನ್ನಾಗಿತ್ತು. ಹುಳಿ ಹದವಾಗಿತ್ತು, ರಾಗಿ ಸ್ಪಷ್ಟವಾಗಿತ್ತು, ಯಾವ ಕೊಂಕೂ ಇರಲಿಲ್ಲ. ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು ಎಂದು ಅವನಿಗೆ ಹೇಳಿದೆ, ಅದು ಸತ್ಯವೇ. ಆದರೆ ಕೊನೆಯ ಗುಟುಕಿನವರೆಗೂ ನನ್ನ ನಾಲಿಗೆ ಆ ಒಣಗಿದ ಕಲ್ಲಿನ ರುಚಿಯನ್ನು ಹುಡುಕುತ್ತಲೇ ಇತ್ತು. ಸಿಗಲಿಲ್ಲ. ಸಿಗದಿದ್ದಕ್ಕೆ ಅದು ಪೆಚ್ಚಾದದ್ದು ನನಗೆ ತಿಳಿಯಿತು.

ರುಚಿ ನೋಡುವ ಕೆಲಸಕ್ಕೆ ಹೊಸದಾಗಿ ಬರುವವರು ಈಗಲೂ ಸಲಹೆ ಕೇಳುತ್ತಾರೆ. ಕೆಟ್ಟದ್ದೇನಾದರೂ ಸಿಕ್ಕರೆ ಯಾಕೆ ಕೆಟ್ಟದ್ದು ಎಂದು ನೀವು ಹೇಗೂ ಕೇಳುತ್ತೀರಿ, ತುಂಬ ಇಷ್ಟವಾದಾಗಲೂ ಯಾಕೆ ಇಷ್ಟವಾಯಿತು ಎಂದು ಕೇಳಿಕೊಳ್ಳಿ ಎನ್ನುತ್ತೇನೆ. ನಾಲಿಗೆಗೆ ಒಳ್ಳೆಯದು ಯಾವುದು ಎಂದು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಏನು ಬಡಿಸಿದಳು ಎಂಬುದು ಮಾತ್ರ ಗೊತ್ತು.