ಮಕ್ಕಳ ವಾರ್ಡಿನ ನನ್ನ ಕುರ್ಚಿ

ಕೊರೊನಾ ಇಳಿದ ಮರುವರ್ಷ. ಬೀದರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದ ನನ್ನನ್ನು ಪುಸ್ತಕಗಳ ನಡುವಿನಿಂದ ಎಬ್ಬಿಸಿ ಮಕ್ಕಳ ವಾರ್ಡಿನ ಮೂಲೆಯಲ್ಲಿ ಕೂರಿಸಿದರು. ಹುದ್ದೆಯ ಹೆಸರು 'ಎಂಬೆಡೆಡ್ ಲೈಬ್ರೇರಿಯನ್'. ಅಂದರೆ ಡಾಕ್ಟರರ ಜೊತೆ ರೌಂಡ್ಸ್‌ಗೆ ಹೋಗಿ, ಅವರಿಗೆ ಬರುವ ಸಂದೇಹಕ್ಕೆ ಅಲ್ಲೇ ಲೇಖನ, ಪುರಾವೆ ಹುಡುಕಿಕೊಡುವವನು. ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ವಾರ್ಡಿಗೆ ಕಾಲಿಟ್ಟರೆ ಸಿಸ್ಟರ್ ಒಬ್ಬರು, "ಬಂದ್ರು ನೋಡ್ರಿ, ನಾಡಿ ಹಿಡೀಲಾರದ ಡಾಕ್ಟರ್!" ಎಂದು ಕಾಲೆಳೆಯುತ್ತಿದ್ದರು. ಆ ಕೀಟಲೆ ನನಗೆ ಹಿತವಾಗಿತ್ತು.

ಒಂದು ಮಧ್ಯಾಹ್ನ ಔರಾದ ಕಡೆಯಿಂದ ಆರು ವರ್ಷದ ಹುಡುಗಿಯನ್ನು ಕರೆತಂದರು. ಯಾವುದೋ ಬೀಜ ತಿಂದು, ವಾಂತಿ ನಿಲ್ಲದೆ ಸೊರಗಿದ್ದಳು. ದಾಖಲಾತಿಯ ಚೀಟಿಯಲ್ಲಿ 'ಎರಂಡ' ಎಂದಿತ್ತು. ಮರಾಠಿಯಲ್ಲಿ ಹಾಗೆಂದರೆ ಔಡಲ. ನಾನು ಹತ್ತೇ ನಿಮಿಷದಲ್ಲಿ ಔಡಲ ಬೀಜದ ವಿಷದ ಲೇಖನ ತೆಗೆದುಕೊಟ್ಟು ಬೀಗಿದೆ. ಅದನ್ನು ಓದಿದ, ಮೈಸೂರು ಕಡೆಯ ಡಾಕ್ಟರಮ್ಮನ ಮುಖ ಬಿಗಿದುಕೊಂಡಿತು. ಜೀವಕ್ಕೇ ಅಪಾಯವೆಂದು ಹೈದರಾಬಾದಿಗೆ ಕಳಿಸಲು ಆಂಬುಲೆನ್ಸ್ ಹೇಳಿದರು.

ತಾಯಿ ನನ್ನ ಕುರ್ಚಿಯ ಪಕ್ಕದ ಗೋಡೆಗೆ ಒರಗಿ ಅಳುತ್ತಿದ್ದಳು. ಸಮಾಧಾನಕ್ಕೆಂದು, "ಔಡಲ ಎಲ್ಲಿ ಸಿಕ್ತವ್ವಾ ಕೂಸಿಗಿ?" ಎಂದೆ.

"ಔಡಲ ಅಲ್ರಿ ಸಾಹೇಬ್ರ, ಮೊಗಲಿ ಎರಂಡ. ಹೊಲದ ಬೇಲಿಗಿ ಹಚ್ಚತೀವಲ್ರಿ. ನಾ ಹೇಳಿದ್ನರಿ, ಯಾರೂ ಪೂರಾ ಕೇಳಿಲ್ರಿ."

ಮೊಗಲಿ ಎರಂಡ ಬೇರೆಯೇ ಗಿಡ, ಕಾಡುಹರಳು ಎನ್ನುವ ಜಟ್ರೋಫಾ. ನನ್ನವ್ವನ ತವರು ಅದೇ ಔರಾದ ಕಡೆಯ ಕಮಲನಗರ. ಅಂಥ ಬೇಲಿಗಳ ಪಕ್ಕದಲ್ಲೇ ಆಡಿ ಬೆಳೆದ ನಾನೂ ಚೀಟಿಯನ್ನಷ್ಟೇ ನಂಬಿದ್ದೆ. ನಾನು ಕೇಳಿದ ಮೇಲೆ ಹುಡುಗಿಯ ತಂದೆ ಊರಿನಿಂದ ಎಲೆ, ಕಾಯಿಗಳ ಫೋಟೊ ಕಳಿಸಿದ. ಸಸ್ಯಗಳ ಪುಸ್ತಕದೊಂದಿಗೆ ತಾಳೆ ನೋಡಿ, ಹೊಸದಾಗಿ ಲೇಖನಗಳನ್ನು ತೆಗೆದೆ: ವಾಂತಿಭೇದಿ ಜೋರು, ಆದರೆ ಸಲೈನ್ ಕೊಟ್ಟು ಕಾದರೆ ಮಕ್ಕಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಡಾಕ್ಟರಮ್ಮ ಎರಡು ಸಲ ಓದಿ, ಮಗುವನ್ನು ಇನ್ನೊಮ್ಮೆ ಪರೀಕ್ಷಿಸಿ, "ಕಳಿಸೋದು ಬೇಡ, ಇಲ್ಲೇ ನೋಡ್ಕೊಳ್ಳೋಣ," ಎಂದರು. ಮೂರನೆಯ ದಿನ ಆ ಹುಡುಗಿ ನನ್ನ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿಂದಳು.

ಎರಡು ವರ್ಷಕ್ಕೆ ಆ ವ್ಯವಸ್ಥೆ ನಿಂತಿತು. ಮರಳಿ ಗ್ರಂಥಾಲಯಕ್ಕೆ ಬಂದೆ. ಪ್ರಶ್ನೆಗಳು ಈಗ ಫೋನಿಗೆ ಬರುತ್ತವೆ, ಒಂದಕ್ಷರ ತಪ್ಪಿಲ್ಲದೆ. ಅವುಗಳ ಹಿಂದಿನ ಮುಖ ಮಾತ್ರ ಕಾಣುವುದಿಲ್ಲ. ಆ ವಾರ್ಡಿನ ಗದ್ದಲಕ್ಕಾಗಿ ಜೀವ ಹಂಬಲಿಸುತ್ತದೆ. ಉತ್ತರ ಹುಡುಕುವುದನ್ನು ನನಗೆ ಪದವಿ ಕಲಿಸಿತ್ತು. ಪ್ರಶ್ನೆಯನ್ನು ಪೂರ್ತಿ ಕೇಳುವುದನ್ನು ಕಲಿಸಿದವಳು ಆ ತಾಯಿ.

ಮೊನ್ನೆ ಆ ಕಡೆ ಹೋಗಿದ್ದೆ. ನನ್ನ ಕುರ್ಚಿಯಿದ್ದಲ್ಲಿ ಸಲೈನ್ ಡಬ್ಬಗಳಿದ್ದವು. ಪಕ್ಕದ ಮಂಚದ ಬಳಿ ಒಬ್ಬ ತಾಯಿ ಡಾಕ್ಟರರಿಗೆ ಏನೋ ಹೇಳುತ್ತಿದ್ದಳು. ಅವಳ ಮಾತು ಮುಗಿಯುವ ತನಕ ನಾನೂ ಅಲ್ಲೇ ನಿಂತೆ.