ಅರವತ್ತೆಂಟರ ಚಿಕ್ಕವನು ಕೊಂಡ ಕಾಫಿ ಯಂತ್ರ

ಮಾ ಇಲ್‌ದೋಂಗ್ ಅವರು ಯೋಂಗ್‌ಜು ಊರಿನ ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಹಳಿ ತಟ್ಟಿದವರು. ಉದ್ದ ಹಿಡಿಯ ಸುತ್ತಿಗೆಯಿಂದ ಹಳಿಗೆ ಒಂದು ಪೆಟ್ಟು ಕೊಟ್ಟು, ತಲೆ ಓರೆ ಮಾಡಿ ಸದ್ದು ಕೇಳಿ, ಎಲ್ಲಿ ಬಿರುಕಿದೆ, ಎಲ್ಲಿ ಮೊಳೆ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು. ಬಿಸಿಲು, ಹಿಮ ಎನ್ನದೆ ನಡೆದ ಆ ಕಾಲುಗಳಿಗೆ ನಿವೃತ್ತಿಯ ನಂತರ ಇದ್ದ ಆಸೆ ಒಂದೇ. ಓಣಿಯ ಹಿರಿಯರ ಚಾವಡಿಗೆ ಹೋಗಿ, ಬೆಚ್ಚನೆಯ ನೆಲದ ಮೇಲೆ ಮಡಚಿಕೊಂಡು ಕುಳಿತು, ಎದ್ದೇಳದೆ ಚದುರಂಗ ಆಡಬೇಕು.

ಚಾವಡಿಗೆ ಹೋದ ಮೊದಲ ದಿನವೇ ಅಧ್ಯಕ್ಷರಾದ ಪ್ಯೋ ಅಜ್ಜ ಕನ್ನಡಕದ ಮೇಲಿಂದ ನೋಡಿ ಕೇಳಿದರು.

"ಯಾವ ವರ್ಷದೋನಪ್ಪಾ ನೀನು?"

"ಕುದುರೆ ವರ್ಷ, ಅಣ್ಣೋರೇ."

ಕುಳಿತಿದ್ದವರೆಲ್ಲ ಹನ್ನೆರಡು ಪ್ರಾಣಿಗಳ ಹೆಸರಿನ ವರ್ಷಗಳನ್ನು ಬೆರಳು ಮಡಚಿ ಲೆಕ್ಕ ಹಾಕಿದರು. ಅರವತ್ತೇಳು! ಅಲ್ಲಿ ಎಪ್ಪತ್ತೈದಕ್ಕೆ ಕಡಿಮೆಯವರು ಒಬ್ಬರೂ ಇರಲಿಲ್ಲ. ಪ್ಯೋ ಅಜ್ಜನಿಗೇ ಎಂಬತ್ತೊಂದು.

"ಓಹೋ, ಹಾಲುಗಲ್ಲದ ಕೂಸು!" ಎಂದರು ಅಜ್ಜ. "ಹಂಗಾದ್ರೆ ಕೆಟಲ್ ಅಲ್ಲಿದೆ ನೋಡು."

ಮೂರು ಮೊಮ್ಮಕ್ಕಳ ತಾತನಾದ ಇಲ್‌ದೋಂಗ್ ಅಂದಿನಿಂದ ಆ ಚಾವಡಿಗೆ 'ಚಿಕ್ಕೋನು' ಆದರು. ಚಿಕ್ಕವನ ಕೆಲಸ ಕಾಫಿ. ಕಾಫಿಯೆಂದರೆ ಸುಲಭವೆಂದು ತಿಳಿಯಬಾರದು. ಕಾಫಿಪುಡಿ, ಹಾಲುಪುಡಿ, ಸಕ್ಕರೆ ಎಂಬ ಮೂರು ಡಬ್ಬಿಗಳು, ಒಂಬತ್ತು ಮಂದಿ ಹಿರಿಯರು, ಒಬ್ಬೊಬ್ಬರಿಗೆ ಒಂದೊಂದು ಅಳತೆ. ಒಬ್ಬರಿಗೆ ಎರಡು-ಎರಡು-ಮೂರು ಚಮಚ, ಇನ್ನೊಬ್ಬರಿಗೆ ಒಂದು-ಮೂರು-ಮೂರು, ಮತ್ತೊಬ್ಬರಿಗೆ ಮೂರು-ಒಂದು-ಒಂದು, ಅದೂ ಲೋಟವನ್ನು ಮೊದಲು ಬಿಸಿನೀರಿನಲ್ಲಿ ತೊಳೆದ ಮೇಲೆ. ಅಂಗಡಿಯಲ್ಲಿ ಎಲ್ಲ ಬೆರೆಸಿಟ್ಟ ಪೊಟ್ಟಣ ಸಿಗುತ್ತದಲ್ಲ ಎಂದು ಒಮ್ಮೆ ಹೇಳಿ ನೋಡಿದ್ದರು. "ಯಾರೋ ಕಾರ್ಖಾನೆಯೋನು ನನ್ನ ನಾಲಿಗೆ ಅಳತೆ ತಗೊಂಡಿದ್ನಾ?" ಎಂದು ಬೋಂಗ್ ಅಜ್ಜಿ ಗದರಿದ್ದರು.

ಅಳತೆಗಳ ಜೊತೆಗೆ ಗುಟ್ಟುಗಳೂ ಇದ್ದವು. ಪ್ಯೋ ಅಜ್ಜನಿಗೆ ಹೊಟ್ಟೆ ಬಂದಿದೆಯೆಂದು ಅವರ ಹೆಂಡತಿ ಸಕ್ಕರೆ ನಿಲ್ಲಿಸಿದ್ದರು. ಅಜ್ಜ ಎಲ್ಲರಿಗೂ ಕೇಳುವಂತೆ "ನಂಗೆ ಸಕ್ಕರೆ ಬೇಡಪ್ಪ" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಚದುರಂಗದ ಮಣೆಯ ಮರೆಯಲ್ಲಿ ಎರಡು ಬೆರಳು ತೋರಿಸುತ್ತಿದ್ದರು. ಬೋಂಗ್ ಅಜ್ಜಿಗೂ ಗುಕ್ ಅಜ್ಜಿಗೂ ನಾಲ್ಕು ವರ್ಷದ ಹಿಂದೆ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಹಾಕುವಾಗ, ಅದಕ್ಕೆ ಉಪ್ಪಿನಲ್ಲಿಟ್ಟ ಸಿಗಡಿ ಎಷ್ಟು ಹಾಕಬೇಕೆಂಬುದರ ಮೇಲೆ ಮಾತು ಬಿಟ್ಟಿತ್ತು. "ಆಕೆ ಕುಡಿಯೋ ಆ ಪಾಯಸ ನಂಗೆ ಬೇಡ" ಎಂದು ಬೋಂಗ್ ಅಜ್ಜಿ ಹೇಳಿದರೆ, "ಆಯಮ್ಮನ ಕಾಫಿ ಅಂದ್ರೆ ಪಾತ್ರೆ ತೊಳೆದ ನೀರು" ಎಂದು ಗುಕ್ ಅಜ್ಜಿ ಗೋಡೆಗೆ ಹೇಳುತ್ತಿದ್ದರು. ಇಬ್ಬರದೂ ಎರಡು-ಎರಡು-ಮೂರು! ಈ ಸತ್ಯ ಲೋಕದಲ್ಲಿ ಇಲ್‌ದೋಂಗ್ ಒಬ್ಬರಿಗೇ ತಿಳಿದಿತ್ತು.

ಇಷ್ಟನ್ನೂ ಅವರು ಸಹಿಸಿಕೊಂಡಾರು. ಸಹಿಸಲಾಗದ್ದು ಚದುರಂಗದ ವಿಷಯ. ಪ್ಯೋ ಅಜ್ಜನೊಡನೆ ಆಟಕ್ಕೆ ಕುಳಿತು, ರಥ ಮುಂದೆ ನುಗ್ಗಿ, ಇನ್ನೇನು ಅಜ್ಜನ ರಾಜ ಸಿಕ್ಕಿಬಿದ್ದ ಎನ್ನುವಷ್ಟರಲ್ಲಿ, "ಚಿಕ್ಕೋನೇ, ಕಾಫೀ!" ಎಂಬ ಕೂಗು. ಒಂಬತ್ತು ಲೋಟ ಮುಗಿಸಿ ಬರುವಷ್ಟರಲ್ಲಿ ಮಣೆಯ ಮೇಲೆ ಏನೋ ಬದಲಾದಂತೆ ಕಾಣುತ್ತಿತ್ತು. ತಾನಿಟ್ಟ ಕುದುರೆ ಇಲ್ಲಿತ್ತೇ, ಅಲ್ಲಿತ್ತೇ? ಕೇಳುವುದಾದರೂ ಹೇಗೆ? ಹಿರಿಯರ ಮೇಲೆ ಅನುಮಾನ ಪಡಬಾರದು. ಅಷ್ಟರಲ್ಲಿ ಮತ್ತೊಂದು ಕೂಗು; ಆಮೇಲೆ ಊಟದ ಹೊತ್ತು. ಒಂದೂವರೆ ವರ್ಷದಲ್ಲಿ ಒಂದೇ ಒಂದು ಆಟ ಕೊನೆ ಮುಟ್ಟಿರಲಿಲ್ಲ. ಒಂದೇ ಒಂದು ಆಟ, ಎದ್ದೇಳದೆ ಆಡಿದರೆ ಗೆಲುವು ತನ್ನದೇ ಎಂಬುದು ಇಲ್‌ದೋಂಗ್ ಅವರ ದೃಢವಾದ ನಂಬಿಕೆ.

ಆ ನಂಬಿಕೆಯೇ ಅವರನ್ನು ಒಂದು ಬೆಳಿಗ್ಗೆ ದೇಗು ನಗರದ ಹಳೇ ಸಾಮಾನಿನ ಬೀದಿಗೆ ಕರೆದೊಯ್ದಿತು. ಮುಚ್ಚಿಹೋದ ಹೋಟೆಲುಗಳ ಒಲೆ, ಬೋಗುಣಿ, ಫ್ರಿಜ್ಜುಗಳ ನಡುವೆ ಕಾಸು ಹಾಕಿ ಗುಂಡಿ ಒತ್ತಿದರೆ ಕಾಫಿ ಸುರಿಯುವ ಐದಾರು ಯಂತ್ರಗಳು ಸೈನಿಕರ ಹಾಗೆ ಸಾಲಾಗಿ ನಿಂತಿದ್ದವು. ಯಂತ್ರ ಕೊಳ್ಳುವಾಗ ಏನು ನೋಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಮಾಡಿದರು. ಒಂದು ಕೆಂಪು ಯಂತ್ರದ ಮುಂದೆ ನಿಂತು, ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳಿದರು.

ಅಂಗಡಿಯ ಹೆಂಗಸು ಒಳಗಿನಿಂದ ಕೂಗಿದಳು. "ಏನಣ್ಣಾ, ಕಲ್ಲಂಗಡಿ ಕೊಳ್ಳೋಕೆ ಬಂದ್ರಾ?"

"ಸದ್ದು ಗಟ್ಟಿಯಾಗೇ ಇದೆ" ಎಂದರು ಇಲ್‌ದೋಂಗ್ ಗಂಭೀರವಾಗಿ.

"ಒಳಗೆ ಏನೂ ಇಲ್ವಲ್ಲ, ಅದಕ್ಕೇ. ಕದ ತೆಗೆದು ಮೂಸಿ ನೋಡಿ ಅಣ್ಣಾ. ಹುಳಿ ಹಾಲಿನ ವಾಸನೆ ಬಂದ್ರೆ ಯಾರು ಕೊಟ್ರೂ ತಗೋಬೇಡಿ."

ಅವರು ಮೂಗು ತೂರಿಸಿ ನೋಡಿದರು. ವಾಸನೆ ಇರಲಿಲ್ಲ. "ಮುಂಚೆ ಎಲ್ಲಿತ್ತಮ್ಮಾ ಇದು?"

"ಮದುವೆ ಛತ್ರದಲ್ಲಿ. ಶನಿವಾರ ಮಾತ್ರ ಕೆಲಸ. ಹೊಸದರಂಗಿದೆ."

ಯಂತ್ರದ ಕೆಳಭಾಗದಲ್ಲಿ ಬೂಟಿನ ಗುರುತುಗಳು ತುಂಬ ಇದ್ದವು. ಕದದ ಮೇಲೆ 'ದಯವಿಟ್ಟು ಒದೆಯಬೇಡಿ' ಎಂಬ ಚೀಟಿಯೂ ಇತ್ತು.

"ಮದುವೆಗೆ ಬಂದೋರು ಒದೀತಾರೇನಮ್ಮಾ?"

"ಗಂಡಿನ ಕಡೆಯೋರು ಅಣ್ಣಾ" ಎಂದಳು ಆಕೆ, ಕಣ್ಣು ಮಿಟುಕಿಸದೆ.

ಆ ಉತ್ತರಕ್ಕೇ ಮನಸೋತು ಇಲ್‌ದೋಂಗ್ ಯಂತ್ರವನ್ನು ಕೊಂಡುಬಿಟ್ಟರು. ಕಾಸು ಹಾಕದೆಯೇ ಕಾಫಿ ಬರುವಂತೆ ಮಾಡುವುದು ಹೇಗೆ, ಯಾವ ಗುಂಡಿಗೆ ಯಾವ ಪುಡಿ ಎಷ್ಟು ಬೀಳಬೇಕೆಂದು ಗೊತ್ತುಮಾಡುವುದು ಹೇಗೆ, ಎಲ್ಲವನ್ನೂ ಆಕೆ ಒಂದೇ ಉಸಿರಿನಲ್ಲಿ ಹೇಳಿಕೊಟ್ಟಳು. ಅವರು ಎಲ್ಲಕ್ಕೂ ತಲೆಯಾಡಿಸಿದರು. ಯೋಂಗ್‌ಜುವಿಗೆ ಮರಳುವ ಹೊತ್ತಿಗೆ ಅದರಲ್ಲಿ ಅರ್ಧ ಮರೆತುಹೋಗಿತ್ತು.

ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವಿನ ಮೊಗಸಾಲೆಯಲ್ಲಿ ಯಂತ್ರ ನಿಂತಿತು. ಹಿರಿಯರೆಲ್ಲ ಸುತ್ತ ನೆರೆದರು. ಇಲ್‌ದೋಂಗ್ ಮೊದಲ ಗುಂಡಿ ಒತ್ತಿದರು. ಗರಗರ ಎಂದಿತು, ಬುಸ್ ಎಂದಿತು. ಬಿಸಿ ಕಾಫಿ ಧಾರಾಕಾರವಾಗಿ ಸುರಿದು ಪ್ಯೋ ಅಜ್ಜನ ಚಪ್ಪಲಿಯ ಮೇಲೆ ಹರಿಯಿತು. ಕಾಗದದ ಲೋಟಗಳನ್ನು ಒಳಗಿಡಲು ಮರೆತಿದ್ದರು.

"ನನ್ನ ಕಾಲಿಗೆ ಕಾಫಿ ಆಯ್ತು, ಲೋಟಕ್ಕೆ ಯಾವಾಗ?" ಎಂದರು ಅಜ್ಜ.

ಲೋಟ ಇಟ್ಟ ಮೇಲೆ ಬಂದದ್ದು ಸುಣ್ಣದ ತಿಳಿಯಂತಿತ್ತು. ಅಡುಗೆಮನೆಯಲ್ಲಿದ್ದಂತೆ ಕಾಫಿ, ಹಾಲು, ಸಕ್ಕರೆ ಎಂಬ ಕ್ರಮದಲ್ಲಿ ಇಲ್‌ದೋಂಗ್ ಪುಡಿ ತುಂಬಿದ್ದರು. ಯಂತ್ರದ ಕ್ರಮವೇ ಬೇರೆ ಇತ್ತು. ಎಲ್ಲ ತೆಗೆದು, ತೊಳೆದು, ಒಣಗಿಸಿ, ಮತ್ತೆ ತುಂಬಿ, ಒಂದೊಂದು ಅಳತೆಯನ್ನೂ ತಾವೇ ಕುಡಿದು ಪರೀಕ್ಷಿಸಿದರು. ಇಪ್ಪತ್ತೇಳು ಲೋಟ ಆಗುವ ಹೊತ್ತಿಗೆ ಕೈ ನಡುಗಿ, ಊಟ ಮಾಡುವ ಜೋಡಿಕಡ್ಡಿಗೆ ಒಂದು ಹುರುಳಿಕಾಳೂ ಸಿಕ್ಕಲಿಲ್ಲ. ಹೆಂಡತಿ ಚಮಚ ತಂದುಕೊಟ್ಟರು.

ನಿಜವಾದ ಕಷ್ಟ ಆಮೇಲೆ ಬಂತು. ಎಂಟು ಗುಂಡಿಗಳಲ್ಲಿ ಎರಡು ಜೋಳದ ಪಾನಕಕ್ಕೆ ಹೋದವು. ಉಳಿದದ್ದು ಆರು, ಹಿರಿಯರು ಒಂಬತ್ತು. ಆರು ಮಂದಿ ಇಬ್ಬಿಬ್ಬರಂತೆ ಒಂದೊಂದು ಗುಂಡಿಗೆ ಒಪ್ಪಿದರು. ಪ್ಯೋ ಅಜ್ಜ ಅಧ್ಯಕ್ಷರಾದ್ದರಿಂದ ಅವರಿಗೊಂದು. ಅದರ ಮೇಲೆ ಇಲ್‌ದೋಂಗ್ 'ಅಧ್ಯಕ್ಷರು, ಸಕ್ಕರೆ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಒಳಗೆ ಎರಡು ಚಮಚದಷ್ಟು ಸಕ್ಕರೆ ಗೊತ್ತುಮಾಡಿದರು. ಉಳಿದ ಎರಡರ ಮೇಲೆ ಬೋಂಗ್, ಗುಕ್ ಎಂಬ ಹೆಸರು ಬರೆದರು. ಎರಡಕ್ಕೂ ಒಂದೇ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬೋಂಗ್ ಅಜ್ಜಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಇದು ಕಾಫಿ ಅಂದ್ರೆ. ಪಕ್ಕದ ಗುಂಡೀಲಿ ಏನು ಬರುತ್ತೋ, ದೇವರೇ ಬಲ್ಲ."

ಗುಕ್ ಅಜ್ಜಿ ಗೋಡೆಯ ಕಡೆ ತಿರುಗಿ, "ಕೆಲವರಿಗೆ ನಾಲಿಗೆ ಇರೋದು ಮಾತಾಡೋಕೆ ಮಾತ್ರ" ಎಂದರು.

ಇನ್ನು ತಮ್ಮ ಕಷ್ಟ ತೀರಿತೆಂದು ಇಲ್‌ದೋಂಗ್ ಮಣೆಯ ಮುಂದೆ ಕುಳಿತರು. ಕುದುರೆ ನಡೆಸಲು ಕೈ ಎತ್ತಿದ್ದಷ್ಟೆ.

"ಚಿಕ್ಕೋನೇ, ಕಾಫೀ!"

"ಯಂತ್ರ ಇದೆಯಲ್ಲ ಅಕ್ಕಾ?"

"ಯಂತ್ರ ಇದೆ ಕಣಪ್ಪಾ, ಒತ್ತೋರು ಬೇಡ್ವಾ?"

ಒತ್ತಿದರು, ತಂದರು, ಮತ್ತೆ ಒತ್ತಿದರು. ಮೊದಲು ಚಮಚ ಎಣಿಸುತ್ತಿದ್ದರು, ಈಗ ಗುಂಡಿ ಎಣಿಸುತ್ತಿದ್ದರು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ, ಆಟದ ಮೇಲೆಯೇ ಗಮನವಿದ್ದ ಇಲ್‌ದೋಂಗ್ ಬೋಂಗ್, ಗುಕ್ ಗುಂಡಿಗಳ ಎರಡೂ ಲೋಟಗಳನ್ನು ಒಟ್ಟಿಗೆ ಹಿಡಿದುಕೊಂಡು ಹೋಗಿ, ಯಾವುದು ಯಾರದೆಂದು ನೋಡದೆ ಅಜ್ಜಿಯರ ಮುಂದೆ ಇಟ್ಟರು. ಬೋಂಗ್ ಅಜ್ಜಿ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಇದು ನಂದಲ್ಲ! ಆಯಮ್ಮಂದು ನಂಗೆ ಕೊಟ್ಟಿದ್ದೀಯ. ಥೂ, ಎಷ್ಟು ಸಿಹಿ!"

"ಅಕ್ಕಾ, ಅದು..." ಎಂದು ಬಾಯಿ ತೆರೆದ ಇಲ್‌ದೋಂಗ್ ಹಾಗೆಯೇ ಮುಚ್ಚಿಕೊಂಡರು. ನಿಜ ಹೇಳಿದರೆ ಇಬ್ಬರ ಮರ್ಯಾದೆಯೂ ಹೋಗುತ್ತಿತ್ತು.

"ನೀನೇನೂ ಒತ್ತಬೇಡ" ಎಂದು ಬೋಂಗ್ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದರು. "ಇನ್ಮೇಲೆ ನನ್ನ ಗುಂಡಿ ನಾನೇ ಒತ್ಕೋತೀನಿ." ಅದನ್ನು ಕಂಡ ಗುಕ್ ಅಜ್ಜಿ, ಆಕೆ ಬೇಕೆಂದೇ ತಮ್ಮ ಗುಂಡಿಯನ್ನೂ ಒತ್ತಿ ಕೆಡಿಸಿಯಾಳೆಂದು ಹಿಂದೆಯೇ ಓಡಿದರು. ಇವರಿಬ್ಬರ ಓಟ ನೋಡಿ, ತಮ್ಮ ಗುಂಡಿಗೆ ಏನಾಗುತ್ತದೋ ಎಂದು ಉಳಿದವರೂ ಎದ್ದರು. ಪ್ಯೋ ಅಜ್ಜ ಎಲ್ಲರಿಗಿಂತ ಮುಂದೆ ಇದ್ದರು. ಅವರ 'ಸಕ್ಕರೆ ಇಲ್ಲ' ಗುಂಡಿಯನ್ನು ಯಾರಾದರೂ ಒತ್ತಿ ರುಚಿ ನೋಡಿಬಿಟ್ಟರೆ ಸಂಜೆ ಮನೆಗೆ ಹೋಗುವ ಹಾಗಿರಲಿಲ್ಲ.

ಮರುದಿನದಿಂದ ಕೂಗು ನಿಂತಿತು. ಒಬ್ಬೊಬ್ಬರೂ ತಾವೇ ಎದ್ದು, ತಮ್ಮ ಗುಂಡಿ ತಾವೇ ಒತ್ತಿ, ಅಕ್ಕಪಕ್ಕ ನೋಡುತ್ತ ಕುಡಿಯತೊಡಗಿದರು.

ಇಲ್‌ದೋಂಗ್ ಮಣೆಯ ಮುಂದೆ ಕುಳಿತು ತೋಳು ಮಡಚಿದರು. ಒಂದೂವರೆ ವರ್ಷದ ಕನಸು! ರಥ ನುಗ್ಗಿತು, ತೋಪಿನ ಕಾಯಿ ಹಾರಿತು, ಕುದುರೆ ನೆಗೆಯಿತು. ಯಾರೂ ಕರೆಯಲಿಲ್ಲ. ಹದಿನೆಂಟನೆಯ ನಡೆಗೆ ಇಲ್‌ದೋಂಗ್ ಅವರದೇ ರಾಜ ಸಿಕ್ಕಿಬಿದ್ದ. ಪ್ಯೋ ಅಜ್ಜನ ಲೋಟದಲ್ಲಿ ಇನ್ನೂ ಹಬೆ ಆಡುತ್ತಿತ್ತು.

ಇಲ್‌ದೋಂಗ್ ಮಣೆಯನ್ನು ಮೇಲಿಂದ ನೋಡಿದರು, ಪಕ್ಕದಿಂದ ನೋಡಿದರು. ಎಲ್ಲೂ ಮೋಸವಿರಲಿಲ್ಲ.

"ಅಣ್ಣೋರೇ, ತಪ್ಪು ತಿಳೀಬೇಡಿ. ಮುಂಚೆ ನಾನು ಕಾಫಿಗೆ ಎದ್ದಾಗ ನೀವು ಕಾಯಿ ಸರಿಸ್ತಿದ್ರಾ?"

"ಸರಿಸ್ತಿದ್ದೆ" ಎಂದರು ಅಜ್ಜ ಒಂದಿಷ್ಟೂ ನಾಚದೆ.

"ನೋಡಿದ್ರಾ! ನಂಗೆ ಗೊತ್ತಿತ್ತು!"

"ನನ್ನ ಕಾಯಲ್ಲ ಕಣೋ, ನಿಂದು. ನಿನ್ನ ಕುದುರೇನ ತೆಗೆದು ಒಳ್ಳೇ ಮನೇಲಿ ಇಡ್ತಿದ್ದೆ. ಇಲ್ದಿದ್ರೆ ಆಟ ಊಟದ ತನಕ ಎಲ್ಲಿ ನಡೀತಿತ್ತು? ನಂಗೂ ಹೊತ್ತು ಹೋಗಬೇಕಲ್ಲ!"

ಪಕ್ಕದ ಕೋಣೆಯಲ್ಲಿ ನಗು ಎದ್ದಿತು. ಗುಕ್ ಅಜ್ಜಿ ಬಾಗಿಲಿನಿಂದ ಇಣುಕಿ, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ, ಚಿಕ್ಕೋನು ಕಾಫಿ ಅಂದ!" ಎಂದರು. ಬೋಂಗ್ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಆದರೆ ಗುಕ್ ಅಜ್ಜಿಯ ಮಾತಿಗೆ ನಕ್ಕೆನೆಂದು ಯಾರಿಗೂ ತಿಳಿಯಬಾರದೆಂದು ಕೆಮ್ಮಿದರು.

ಎರಡನೆಯ ಆಟ ಶುರುವಾಯಿತು. ಏಳನೆಯ ನಡೆಗೇ ಇಲ್‌ದೋಂಗ್ ಅವರ ಎರಡೂ ರಥಗಳು ಹೋದವು. ಹತ್ತನೆಯ ನಡೆಗೆ ಕುದುರೆ ಮೂಲೆಯಲ್ಲಿ ಸಿಕ್ಕಿಕೊಂಡಿತು. ಅವರು ಮಣೆ ನೋಡಿದರು, ಅಜ್ಜನ ಮುಖ ನೋಡಿದರು, ಆಮೇಲೆ ಮೊಣಕಾಲಿಗೆ ಕೈಕೊಟ್ಟು ಮೆಲ್ಲನೆ ಏಳಹೋದರು.

"ಯಾರಿಗಾದ್ರೂ ಕಾಫಿ ಬೇಕಾ? ನಾನು ತರ್ತೀನಿ, ಕೂತ್ಕೊಳ್ಳಿ."

ಎರಡೂ ಕೋಣೆಗಳಿಂದ ಒಂದೇ ದನಿಯಲ್ಲಿ ಉತ್ತರ ಬಂತು.

"ಬೇಡಪ್ಪಾ, ಯಂತ್ರ ಇದೆ! ನೀನು ಆರಾಮಾಗಿ ಕೂತು ಆಡು!"

ಪ್ಯೋ ಅಜ್ಜ ಅವರ ತೋಳು ಹಿಡಿದು ಪ್ರೀತಿಯಿಂದ ಕೆಳಗೆ ಕೂರಿಸಿದರು.

"ನಡೆ ನಿಂದು, ಚಿಕ್ಕೋನೇ."