ಇರುವೆಯ ಪಾಠ

ನಾನು ಕಲಿಸುವುದು ಮುಂಬಯಿಯ ವಡಾಲದ ಒಂದು ಮುನಿಸಿಪಾಲಿಟಿ ಶಾಲೆಯ ಕನ್ನಡ ವಿಭಾಗದಲ್ಲಿ. ಹೀಗೆಂದ ಕೂಡಲೇ ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನವರು, "ಅದು ಇನ್ನೂ ಉಂಟಾ?" ಎಂದು ಕೇಳುತ್ತಾರೆ. ಉಂಟು. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಹೋಟೆಲಿನವರ ಮಕ್ಕಳೇ ಇಲ್ಲಿಯ ಬೆಂಚುಗಳನ್ನು ತುಂಬಿರುತ್ತಿದ್ದರಂತೆ. ಅವರ ಮೊಮ್ಮಕ್ಕಳು ಈಗ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾರೆ. ನನ್ನ ಮುಂದೆ ಕೂರುವವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಕೆಲವರ ಮನೆಯಲ್ಲಿ ದಖನಿ ಉರ್ದು, ಕೆಲವರ ಮನೆಯಲ್ಲಿ ಅವರೂರಿನ ಕನ್ನಡ, ಗಲ್ಲಿಯಲ್ಲಿ ಎಲ್ಲರಿಗೂ ಹಿಂದಿ. ಪಠ್ಯಪುಸ್ತಕದ ಕನ್ನಡ ಮಾತ್ರ ಯಾರ ಮನೆಯದೂ ಅಲ್ಲ. ಹಬ್ಬಕ್ಕೆಂದು ಊರಿಗೆ ಹೋದ ಮಗು ಸುಗ್ಗಿ ಮುಗಿದ ಮೇಲೆ ತಿರುಗಿ ಬರುತ್ತದೆ. ಅಷ್ಟರಲ್ಲಿ ಒತ್ತಕ್ಷರಗಳೆಲ್ಲ ಮರೆತುಹೋಗಿರುತ್ತವೆ. ಮಕ್ಕಳಿಗೆ ಯಾಕೆ ಓದಲು ಬರುವುದಿಲ್ಲ ಎಂದು ಯಾರಾದರೂ ಕೇಳಿದರೆ ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲೆ.

ಹೋದ ವರ್ಷ ಮಕ್ಕಳ ಓದನ್ನು ಪರೀಕ್ಷಿಸಲು ಮೇಲಿನಿಂದ ಒಬ್ಬ ಸಾಹೇಬರು ಬರುವವರಿದ್ದರು. "ಈ ಸಲವೂ ಮಕ್ಕಳು ತಡವರಿಸಿದ್ರೆ ಕನ್ನಡ ಕ್ಲಾಸು ಮುಚ್ಚಿಯೇ ಬಿಡ್ತಾರೆ," ಎಂದರು ಹೆಡ್‌ಮಿಸ್ಟ್ರೆಸ್. ಆಮೇಲೆ ದನಿ ತಗ್ಗಿಸಿ, "ಸಾಹೇಬ್ರು ಮರಾಠಿಯವರು. ಕನ್ನಡ ಅಕ್ಷರ ಗೊತ್ತಿಲ್ಲ," ಎಂದರು. ಅವರು ಹೇಳಿದ್ದು ಅಷ್ಟೇ. ಮಿಕ್ಕದ್ದೆಲ್ಲ ನನ್ನದೇ ತಲೆ.

ನಾಲ್ಕನೇ ಕ್ಲಾಸಿಗೆ ಇರುವೆಯ ಪಾಠವನ್ನು ಬಾಯಿಪಾಠ ಮಾಡಿಸಿದೆ. ಪುಸ್ತಕ ಎತ್ತಿ ಹಿಡಿಯಬೇಕು, ಕಣ್ಣು ಅಕ್ಷರದ ಮೇಲಿರಬೇಕು, ನಾನು ತಲೆಯಾಡಿಸಿದ ಮೇಲೆ ಶುರುಮಾಡಬೇಕು. ಇದು ಮೋಸ ಎಂದು ಮಕ್ಕಳಿಗೆ ಅನ್ನಿಸಲೇ ಇಲ್ಲ. ನಾವು ದಿನಾ ಹೇಳುವ "ಓದಿಕೊಂಡು ಬಾ" ಎನ್ನುವ ಮಾತಿಗೆ ಬಾಯಿಪಾಠ ಮಾಡಿಕೊಂಡು ಬಾ ಎಂದೇ ಅಲ್ಲವೇ ಅರ್ಥ? ಆ ಪದದ ಮರೆಯಲ್ಲಿ ನಾನು ಆರಾಮಾಗಿ ನಿಂತುಬಿಟ್ಟೆ.

ಸಾಹೇಬರು ಮೊದಲ ಸಾಲಿನ ಹುಡುಗಿಯನ್ನು ಎಬ್ಬಿಸಿದರು. ಯಾದಗಿರಿ ಕಡೆಯವಳು, ಎರಡು ಜಡೆ, ಗಂಟೆಯಂಥ ದನಿ. ಅವಳ ಪುಸ್ತಕ ಬೇರೆಯೇ ಪುಟಕ್ಕೆ ತೆರೆದಿದ್ದುದು ನನಗೆ ಕಾಣುತ್ತಿತ್ತು. ಆದರೂ ತಲೆಯಾಡಿಸಿದೆ. ಅವಳು ಒಂದು ಕಡೆಯೂ ತಡವರಿಸದೆ ಮುಗಿಸಿದಳು. "ಛಾನ್, ಖೂಪ್ ಛಾನ್," ಎಂದು ಸಾಹೇಬರು ಅವಳ ಬೆನ್ನು ತಟ್ಟಿದರು. ಕ್ಲಾಸು ಉಳಿಯಿತು. ಹೆಡ್‌ಮಿಸ್ಟ್ರೆಸ್ ದಾದರ್‌ನಿಂದ ಪೇಡಾ ತರಿಸಿ ಹಂಚಿದರು. ನಾಚಿಕೆಯಿಲ್ಲದೆ ನಾನು ಎರಡು ತಿಂದೆ.

ಮುಂದಿನ ವಾರ ಶಾಲೆ ಬಿಡುವ ಹೊತ್ತಿಗೆ ಆ ಹುಡುಗಿಯ ತಾಯಿ ಬಂದಳು. ಕೆಲಸದಿಂದ ನೇರವಾಗಿ ಬಂದಿದ್ದಳು, ಸೀರೆಯ ಅಂಚಿನಲ್ಲಿ ಸಿಮೆಂಟು ಒಣಗಿತ್ತು.

"ಅಕ್ಕೋರ, ಸಾಹೇಬ್ರು ನಮ್ಮ ಹುಡುಗಿಗೆ ಶಾಬಾಸ್ ಅಂದ್ರಂತ," ಎಂದವಳೇ ಪ್ಲಾಸ್ಟಿಕ್ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದಳು. "ನಮ್ಮಣ್ಣನ ಮಗಳ ಲಗ್ನರಿ. ಇಷ್ಟ ದಿನ ಇಂಥಾವು ಬಂದ್ರ ಮಂದಿ ಕೈಯಾಗ ಓದಸ್ತಿದ್ದೆ. ಈ ಸಲ ಯಾರಿಗೂ ತೋರ್ಸಿಲ್ಲ. ನಿಮ್ಮ ಮುಂದನ ನನ್ನ ಮಗಳು ಓದ್ಲಿ ಅಂತ ತಂದೀನಿ."

ಹುಡುಗಿ ಪತ್ರಿಕೆ ಬಿಚ್ಚಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ನನ್ನ ಕಡೆ ನೋಡಿದಳು. ಹೆಸರುಗಳನ್ನಾದರೂ ಕೂಡಿಸಿ ಓದಿಯಾಳು ಎಂಬ ಆಸೆಯಿಂದ ನಾನು ತಲೆಯಾಡಿಸಿದೆ.

"ಒಂದು ಊರಿನಲ್ಲಿ ಒಂದು ಇರುವೆ ಇತ್ತು," ಎಂದು ಅವಳು ಗಟ್ಟಿಯಾಗಿ ಶುರುಮಾಡಿದಳು. "ಇರುವೆಗೆ ಬೆಲ್ಲದ ಚೂರು ಸಿಕ್ಕಿತು. ಇರುವೆ ತನ್ನ ಬಳಗವನ್ನೆಲ್ಲ ಕರೆಯಿತು."

ಅವಳ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಓದುವುದೆಂದರೆ ಇದೇ ಎಂದು ನಾನೇ ಹೇಳಿಕೊಟ್ಟದ್ದು, ಸಾಹೇಬರು ಬೆನ್ನು ತಟ್ಟಿದ್ದೂ ಇದಕ್ಕೇ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅವಳು ಕೊನೆಯ ಸಾಲಿನವರೆಗೂ ಹೇಳಿ ಮುಗಿಸಿ, ಶಾಬಾಸ್‌ಗಾಗಿ ನನ್ನ ಮುಖ ನೋಡುತ್ತಾ ನಿಂತಳು.

ತಾಯಿ ಪತ್ರಿಕೆಯನ್ನು ವಾಪಸ್ಸು ತೆಗೆದುಕೊಂಡು ಕೆಂಪು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಕೆಗೆ ಮಗಳ ಮೇಲೆ ಅನುಮಾನ ಬರಲಿಲ್ಲ, ನನ್ನ ಮೇಲೂ ಬರಲಿಲ್ಲ.

"ಬಳಗ ಕರದಾರ ಅನ್ನೂದು ಖರೇನ ಐತಿ," ಎಂದಳು. "ಆದ್ರ ಅಕ್ಕೋರ, ಲಗ್ನದ ಕಾರ್ಡಿನಾಗ ನಮ್ಮಣ್ಣ ಇರವಿ ಸುದ್ದಿ ಯಾಕ ಬರಸ್ಯಾನ್ರಿ?"